ಟ್ರಯಲ್ ರೂಮಿನ ತೋಳ

ಹಲ್ಲಿನ ಡಾಕ್ಟರು ಬೀದಿಗೆ ಓಡಿ ಬಂದಾಗ ಅವರ ಪ್ಯಾಂಟಿನ ಒಂದು ಕಾಲಿಗೆ ಮಾತ್ರ ಅಂಚು ಮಡಿಚಿ ಪಿನ್ನು ಹಾಕಿತ್ತು. ಇನ್ನೊಂದು ಕಾಲು ನೆಲ ಗುಡಿಸುತ್ತಿತ್ತು. ಇಡೀ ಬೀದಿ ಯಾರೆದುರು ಹೆದರಿಕೊಂಡು ಬಾಯಿ ತೆರೆಯುತ್ತಿತ್ತೋ ಅಂಥ ಮನುಷ್ಯ, ಎದುರಿನ ಔಷಧದಂಗಡಿಯ ಮೆಟ್ಟಿಲೇರಿ ನಿಂತು, ತಾನೇ ಬಾಯಿ ತೆರೆದು, "ಹುಳ! ಹುಳ! ಇಷ್ಟು ದೊಡ್ಡದು!" ಎಂದು ಎರಡೂ ಕೈ ಅಗಲಿಸಿ ತೋರಿಸಿದರು. ಆ ಅಗಲದೊಳಗೆ ಒಂದು ಬೆಕ್ಕು ಆರಾಮಾಗಿ ಮಲಗಬಹುದಿತ್ತು.

ಅವರು ಓಡಿ ಬಂದದ್ದು ಎದುರಿನ ಟೇಲರ್ ಅಂಗಡಿಯಿಂದ. ಅಂಗಡಿ ಇಟ್ಟವನನ್ನು ಇಲ್ಲಿ ಅಣ್ಣ ಎಂದೇ ಕರೆಯೋಣ. ಈ ಕಥೆ ಅವನ ತಂಗಿಯದು, ಅವಳಿಗೆ ಅವನು ಅಣ್ಣ. ಮೂವತ್ತು ವರ್ಷದಿಂದ ಕೋಟು ಹೊಲಿಯುತ್ತಿದ್ದವನು. ಮುಂದೆ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಎರಡು ಮಿಷನ್ನು, ಹಿಂದೆ ಇಸ್ತ್ರಿಯ ಕಟ್ಟೆ, ಮೂಲೆಯಲ್ಲಿ ಹಸಿರು ಪರದೆಯ ಟ್ರಯಲ್ ರೂಮು. ಗುಂಡಿ ತೂರುವ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಅಂಚು ಮಡಿಚುವುದು ಎಲ್ಲ ಅವನ ಹೆಂಡತಿ, ಅಂದರೆ ಅತ್ತಿಗೆಯ ಕೈಯಲ್ಲಿ. ಆ ಟ್ರಯಲ್ ರೂಮಿನ ಕನ್ನಡಿಯಲ್ಲಿ ಎಲ್ಲರ ಮುಖವೂ ಬಾಡಿದಂತೆ ಕಾಣುತ್ತದೆ ಎಂದು ಮೂರು ದಿನದ ಹಿಂದೆ ಅತ್ತಿಗೆ ಹಿತ್ತಲಿನಿಂದ ಒಂದು ಹೂಕುಂಡ ತಂದು ಅಲ್ಲಿಟ್ಟಿದ್ದಳು. ಹುಳ ಎಂದರೆ ಒಂದು ಜೇಡ; ಅದು ಬಂದದ್ದು ಆ ಕುಂಡದ ಅಡಿಯಿಂದ.

ಅತ್ತಿಗೆ ಮೊದಲು ಕೈಗೆತ್ತಿಕೊಂಡದ್ದು ಚಪ್ಪಲಿಯನ್ನು. ಎತ್ತಿದ ಕೈ ಅಲ್ಲೇ ನಿಂತಿತು. ಆ ಜೇಡ ತನ್ನ ಹಿಂಭಾಗಕ್ಕೆ ಬಟಾಣಿ ಗಾತ್ರದ ಒಂದು ಬಿಳಿ ಉಂಡೆ ಅಂಟಿಸಿಕೊಂಡು, ಭಾರದ ಚೀಲ ಹೊತ್ತ ಹೆಂಗಸಿನಂತೆ ಕಷ್ಟಪಟ್ಟು ಗೋಡೆಯ ಬುಡ ಹಿಡಿದು ಹೋಗುತ್ತಿತ್ತು. ಅವಳು ಚಪ್ಪಲಿ ಕೆಳಗಿಟ್ಟು, ಗುಂಡಿಗಳ ಪಾರದರ್ಶಕ ಡಬ್ಬಿಯನ್ನು ಖಾಲಿ ಮಾಡಿ ಅದರ ಮೇಲೆ ಮುಚ್ಚಿ, ಅಳತೆಯ ರಟ್ಟನ್ನು ಅಡಿಗೆ ತೂರಿಸಿ ಎತ್ತಿಕೊಂಡಳು.

ಡಾಕ್ಟರು ಸುಮ್ಮನಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನಗರಸಭೆಯ ಆರೋಗ್ಯ ಇನ್ಸ್‌ಪೆಕ್ಟರ್ ಬಂದರು. ಬಂದವರು ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಆಚೆ ನಿಂತೇ ಫಾರಂ ಬಿಚ್ಚಿದರು.

"ವಿಷಜಂತು ಅಂತ ದೂರು ಬಂದಿದೆ. ಮೂರು ದಿನ ಅಂಗಡಿ ಮುಚ್ಚಿ ಮದ್ದಿನ ಹೊಗೆ ಹಾಕಿಸಬೇಕು."

ಅಣ್ಣ ಮೇಜಿನ ಮೇಲಿನ ಕೆಂಪು ಬಟ್ಟೆಯ ರಾಶಿ ನೋಡಿದ. ಅಗ್ನಿಶಾಮಕ ದಳದ ಬ್ಯಾಂಡಿಗೆ ಇಪ್ಪತ್ತನಾಲ್ಕು ಕೆಂಪು ಕೋಟು ಶನಿವಾರದೊಳಗೆ ಆಗಬೇಕಿತ್ತು. ಹದಿನೈದಕ್ಕೆ ಇನ್ನೂ ತೋಳು ಸೇರಿಸಿರಲಿಲ್ಲ.

"ಸಾರ್, ಬೇರೆ ದಾರಿ ಇಲ್ವಾ?"

"ಇದೆ. ತಿಳಿದವರು ಯಾರಾದ್ರೂ ಬರೆದು ಸಹಿ ಮಾಡಿ ಕೊಡಬೇಕು. ಜಂತುವಿನ ಹೆಸರು, ಕುಟುಂಬ, ಕುಲ, ಸಂಖ್ಯೆ, ವಿಷ ಉಂಟೋ ಇಲ್ಲವೋ. ನಾಳೆ ಮಧ್ಯಾಹ್ನದೊಳಗೆ."

ಅತ್ತಿಗೆ ಸೂಜಿ ಕೆಳಗಿಟ್ಟಳು. "ಏನ್ ಸಾರ್, ಈ ಕಾಲದಲ್ಲೂ ಕುಲ ಕೇಳ್ತೀರಾ?"

"ಅಮ್ಮಾ, ಜೇಡದ ಕುಲ. ಕಾಲಂ ಇದೆ, ಕೇಳ್ತಿದೀನಿ."

ಅಣ್ಣನಿಗೆ ಆಗ ನೆನಪಾದವಳು ತಂಗಿ. ಇಪ್ಪತ್ತನಾಲ್ಕು ವರ್ಷದಿಂದ ಅವಳು ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯೊಂದರಲ್ಲಿ, ಸ್ಪಿರಿಟ್ಟಿನ ವಾಸನೆಯ ನಡುವೆ, ಬೆರಳುದ್ದದ ಗಾಜಿನ ಶೀಶೆಗಳಲ್ಲಿ ತೇಲುವ ಜೇಡಗಳಿಗೆ ಸರಿಯಾದ ಹೆಸರು ಬರೆದು ಚೀಟಿ ಹಾಕುವ ಕೆಲಸ ಮಾಡುತ್ತಿದ್ದಳು. ಐವತ್ತೆರಡಾದರೂ ಮನೆಯಲ್ಲಿ ಅವಳಿನ್ನೂ ಪುಟ್ಟಿ. ಕೆಲಸ ಸೇರಿದ ಹೊಸದರಲ್ಲಿ ಊಟಕ್ಕೆ ಕೂತಾಗ ಅಣ್ಣ ಒಂದು ಸಲ, "ದಿನವಿಡೀ ಏನು ಮಾಡ್ತೀಯೇ?" ಎಂದು ಕೇಳಿದ್ದ. ಅವಳು ಉತ್ಸಾಹದಿಂದ ಹೇಳಿದ್ದಳು. ಆಮೇಲೆ ಯಾರೂ ಕೇಳಿರಲಿಲ್ಲ.

ಅಣ್ಣ ಫೋನ್ ಮಾಡಿ ವಿಷಯ ಹೇಳಿದ. "ವಿಷ ಇಲ್ಲ ಅಂತ ಒಂದು ಸಾಲು ಬರೆದುಕೊಡೇ, ಸಾಕು."

"ನೋಡದೆ ಹೇಗೆ ಬರೀಲಿ? ಕಣ್ಣು ಹೇಗೆ ಜೋಡಿಸಿದೆ, ಹೇಳು. ಮೂರು ಸಾಲಾ, ಎರಡು ಸಾಲಾ?"

"ಕಣ್ಣು ಎಣಿಸೋಕೆ ಅದೇನು ನನ್ನ ಮಡಿಲಲ್ಲಿ ಕೂತಿದೆಯಾ?"

"ಬಿಳಿ ಉಂಡೆ ಅಂದ್ಯಲ್ಲ, ಆ ಮೊಟ್ಟೆ ಚೀಲ ಬಾಯಲ್ಲಿ ಕಚ್ಚಿಕೊಂಡಿದೆಯೋ, ಹಿಂದೆ ಅಂಟಿಸಿಕೊಂಡಿದೆಯೋ?"

ಅಣ್ಣನ ಬೆನ್ನ ಹಿಂದಿನಿಂದ ಅತ್ತಿಗೆ ಕೂಗಿದಳು: "ಹಿಂದೆ ಕಣೇ ಪುಟ್ಟಿ, ಹಿಂದೆ!"

"ಹಾಗಾದ್ರೆ ತೋಳ ಜೇಡ. ಬಾಯಲ್ಲಿ ಹಿಡಿದಿದ್ರೆ ಬೇರೆ ಕುಟುಂಬ. ಕಾಲು ಹೇಗಿದೆ?"

"ಉದ್ದುದ್ದ. ತೆಳ್ಳಗೆ ದಾರದ ಥರ."

"ಅಷ್ಟು ತೆಳ್ಳಗಿದ್ರೆ ಪಾರ್ಡೋಸಾ ಕುಲ ಇರಬಹುದು. ಆದ್ರೆ ನಾನು ನೋಡಬೇಕು. ಬರ್ತೀನಿ ಇರು."

ಸೂಕ್ಷ್ಮದರ್ಶಕವನ್ನು ಟವಲಿನಲ್ಲಿ ಸುತ್ತಿ, ಎಳೆಮಗುವಿನಂತೆ ಮಡಿಲಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಾಯಿಸಿ ಅವಳು ಅಂಗಡಿಗೆ ಬರುವಷ್ಟರಲ್ಲಿ ಅಣ್ಣ ಪಕ್ಕದ ಬೀದಿಯ ಟೈಪಿಂಗ್ ಅಂಗಡಿಗೆ ಹೋಗಿ ಕಾಗದವನ್ನು ಸಿದ್ಧಮಾಡಿಸಿ ಇಟ್ಟಿದ್ದ. ದಪ್ಪ ಕಾಗದ, ನಾಲ್ಕು ಪ್ರತಿ. "ಸದರಿ ಜೇಡವು ಪಾರ್ಡೋಸಾ ಕುಲಕ್ಕೆ ಸೇರಿದ್ದು, ನಿರುಪದ್ರವಿ" ಎಂದಿತ್ತು. ತಂಗಿ ಹೇಳಿದ ಮಾತುಗಳಲ್ಲಿ "ಇರಬಹುದು" ಎಂಬ ಒಂದು ಮಾತು ಮಾತ್ರ ದಾರಿಯಲ್ಲಿ ಎಲ್ಲೋ ಉದುರಿಹೋಗಿತ್ತು.

"ಇಲ್ಲಿ ಸಹಿ ಹಾಕು. ಕಾಫಿ ಕುಡಿ. ಹೋಗು," ಎಂದ ಅಣ್ಣ.

ತಂಗಿ ಕಾಗದ ಓದಿದಳು. ಡಬ್ಬಿಯೊಳಗೆ ಇಣುಕಿದಳು. ಮತ್ತೆ ಅಣ್ಣನ ಮುಖ ನೋಡಿದಳು.

"ಅಣ್ಣ, ಇದು ದಾರಾನಾ? ಈ ಕಾಲು?"

"ನನಗೆ ದಾರದ ಥರಾನೇ ಕಾಣ್ಸ್ತು."

"ನಿನ್ನ ಕನ್ನಡಕ ಎಲ್ಲಿತ್ತು?"

ಅಣ್ಣ ಕನ್ನಡಕವನ್ನು ಮೂಗಿಗಿಳಿಸಿ, "ಹಣೆ ಮೇಲೆ," ಎಂದ.

ಕತ್ತರಿ, ಸೀಮೆಸುಣ್ಣ, ಅಳತೆಪಟ್ಟಿಗಳನ್ನು ಬದಿಗೆ ಸರಿಸಿ ತಂಗಿ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟಳು. ಆಗ ಗೊತ್ತಾಯಿತು, ಜೀವಂತ ಜೇಡವನ್ನು ನೋವಾಗದಂತೆ ಅಲುಗದೆ ಹಿಡಿದಿಡುವ ಕೊಳವೆಯನ್ನು ಅವಳು ಕೋಣೆಯಲ್ಲೇ ಮರೆತು ಬಂದಿದ್ದಳು. ಅವಳ ಕೈಗೆ ಬರುತ್ತಿದ್ದ ಜೇಡಗಳೆಲ್ಲ ಸತ್ತವೇ; ಕೊಳವೆ ಬೇಕಾಗಿ ವರ್ಷಗಳೇ ಆಗಿದ್ದವು.

"ಸ್ಪಂಜು ಬೇಕು ಅತ್ತಿಗೆ. ಮೆತ್ತಗಿರಬೇಕು. ಒಂದು ಕೊಳವೆ, ಒಂದು ತೆಳು ಪ್ಲಾಸ್ಟಿಕ್ ಹಾಳೆ."

ಟೇಲರ್ ಅಂಗಡಿಯಲ್ಲಿ ಅದಕ್ಕೇನು ಬರ. ದಾರದ ಉಂಡೆಯ ಖಾಲಿ ಕೊಳವೆ ಬಂತು. ಹೊಸ ಅಂಗಿಯ ಪೊಟ್ಟಣದ ಪಾರದರ್ಶಕ ಹಾಳೆಯನ್ನು ಅತ್ತಿಗೆ ಅದರ ಬಾಯಿಗೆ ಬಿಗಿದು ದಾರ ಸುತ್ತಿದಳು. ಸ್ಪಂಜಿಗೆ, ಬ್ಯಾಂಡ್ ಮಾಸ್ಟರರ ಕೋಟಿಗೆಂದು ತೆಗೆದಿಟ್ಟಿದ್ದ ಭುಜದ ಪ್ಯಾಡನ್ನೇ ಗುಂಡಗೆ ಕತ್ತರಿಸಿದಳು.

"ಅಯ್ಯೋ, ಅವರ ಎಡ ಭುಜ ಅದು!" ಎಂದ ಅಣ್ಣ.

"ಅವರಿಗೆ ಹೇಗೂ ಎಡ ಭುಜ ಎತ್ತರ ಅಂತ ನೀವೇ ಹೇಳಿದ್ರಲ್ಲ."

ಜೇಡವನ್ನು ಕೊಳವೆಗೆ ಬಿಟ್ಟು, ಪ್ಯಾಡನ್ನು ಕೆಳಗಿನಿಂದ ಮೆಲ್ಲಗೆ ಮೇಲೊತ್ತಿ, ಅದರ ಬೆನ್ನು ಹಾಳೆಗೆ ತಾಗುವಂತೆ ತಂಗಿ ನಿಲ್ಲಿಸಿದಳು. ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತವಳು ಎದ್ದೇಳಲಿಲ್ಲ. ಅಣ್ಣ ಅವಳು ಕೆಲಸ ಮಾಡುವುದನ್ನು ಅದೇ ಮೊದಲು ನೋಡಿದ್ದು. ಅವಳ ಬೆನ್ನು ನೇರ, ಬಲಗೈಯ ಎರಡು ಬೆರಳು ಮಾತ್ರ ತಿರುಗುಗುಂಡಿಯ ಮೇಲೆ, ಉಸಿರು ಸಹ ಅಳೆದು ಬಿಟ್ಟಂತೆ. ಇಷ್ಟು ವರ್ಷ ಇವಳು ಹೀಗೆ ಕೂತಿರುತ್ತಿದ್ದಳೇ ಎಂದು ಅವನಿಗೆ ಒಂಥರಾ ಆಯಿತು. ಅದನ್ನು ತೋರಿಸಿಕೊಳ್ಳಬಾರದೆಂದು ಇಸ್ತ್ರಿಪೆಟ್ಟಿಗೆ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿ ಬೆರಳು ಸುಟ್ಟುಕೊಂಡ.

"ಮುಂದೆ ಕೆಳಗಡೆ ನಾಲ್ಕು ಸಣ್ಣ ಕಣ್ಣು," ಎಂದಳು ತಂಗಿ. "ಅದರ ಮೇಲೆ ಎರಡು ದೊಡ್ಡವು, ಲಾರಿ ದೀಪದ ಹಾಗೆ. ಹಿಂದೆ ನೆತ್ತಿಯ ಮೇಲೆ ಇನ್ನೆರಡು. ತೋಳ ಜೇಡದ ಕುಟುಂಬ, ಅದರಲ್ಲಿ ಮಾತೇ ಇಲ್ಲ. ಕುಲ ಮಾತ್ರ... ಅತ್ತಿಗೆ, ನೀವೊಂದ್ಸಲ ನೋಡ್ತೀರಾ? ಎರಡು ಬಸ್ಸಲ್ಲಿ ನಿಂತು ಬಂದು ನನ್ನ ಕಣ್ಣು ಸೋತಿದೆ."

ಅದು ಸುಮ್ಮನೆ ಮಾತಿಗೆ ಕರೆದದ್ದು. ಅತ್ತಿಗೆ ಬಗ್ಗಿ ನೋಡಿದಳು.

"ತಲೆಯಿಂದ ಬೆನ್ನ ತನಕ ನಡುವೆ ತಿಳಿ ಬಣ್ಣದ ಪಟ್ಟಿ ಇದೆ. ಮುಂದುಗಡೆ ಅಗಲ, ಹಿಂದೆ ಸಪೂರ. ಆ ಅಗಲ ಇರೋ ಕಡೆ, ಪಟ್ಟಿಯ ಒಳಗೇ, ಎರಡು ಕಪ್ಪು ಗೆರೆ. ಗಿಡ್ಡಕೆ. ಪಕ್ಕ ಪಕ್ಕ ಎರಡು ಕಾಜಾ ಹೊಲಿದ ಹಾಗಿದೆ ಕಣೇ."

ತಂಗಿ ಅವಳನ್ನು ಸರಿಸಿ ಮತ್ತೆ ನೋಡಿದಳು. ಕಾಜಾಗಳು ಅಲ್ಲೇ ಇದ್ದವು. ತರಬೇತಿಗೆ ಬರುವ ವಿದ್ಯಾರ್ಥಿಗಳಿಗೆ ಆ ಎರಡು ಗೆರೆ ತೋರಿಸಲು ಅವಳಿಗೆ ಒಂದು ವಾರ ಹಿಡಿಯುತ್ತಿತ್ತು.

"ಇದು ಪಾರ್ಡೋಸಾ ಅಲ್ಲ," ಎಂದಳು. "ಪಾರ್ಡೋಸಾಗೆ ಮುಖ ಎತ್ತರ, ಕಿರಿದು, ಬದಿ ನೆಟ್ಟಗೆ ಇಳಿದಿರುತ್ತೆ. ಕಾಲು ನಿಜವಾಗ್ಲೂ ದಾರ, ಮೇಲೆ ಉದ್ದುದ್ದ ಮುಳ್ಳು. ಇದು ಗಟ್ಟಿಮುಟ್ಟಾದ ಹೆಂಗಸು. ಟ್ರೊಕೋಸಾ."

"ನಾಲ್ಕು ಪ್ರತಿ ಟೈಪ್ ಆಗಿದೆ," ಎಂದ ಅಣ್ಣ.

"ಹರಿದು ಹಾಕು."

"ಪುಟ್ಟಿ, ಎರಡಕ್ಕೂ ವಿಷ ಇಲ್ಲ ತಾನೇ?"

"ನಮಗೆ ಏನೂ ಮಾಡಲ್ಲ. ಬಟ್ಟೆ ಮುಟ್ಟಲ್ಲ, ಬಲೆ ಕೂಡ ಕಟ್ಟಲ್ಲ."

"ಮತ್ತೆ? ಯಾವ ಹೆಸರಾದ್ರೇನು? ಆ ಇನ್ಸ್‌ಪೆಕ್ಟರಿಗೆ ಗೊತ್ತಾಗುತ್ತಾ? ಆ ಜೇಡಕ್ಕಾದ್ರೂ ಗೊತ್ತಾ?"

"ನನಗೆ ಗೊತ್ತಲ್ಲ."

ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಹಟ, ಹುಟ್ಟಿದಾಗಿನಿಂದ ಇದೇ ಹಟ ಎಂದು ಗೊಣಗಿದ. ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತ, ಯಾರನ್ನೂ ನೋಡದೆ ಹೇಳಿದಳು: "ಹೋದ ವರ್ಷ ಬ್ಯಾಂಕ್ ಮ್ಯಾನೇಜರು ಒಂದು ಕೋಟು ತಂದು ನೀವೇ ಹೊಲಿದದ್ದು ಅಂದ್ರು. ನೀವು ಕಾಲರ್ ಮಡಿಚಿ ಒಳಗಿನ ಹೊಲಿಗೆ ನೋಡಿ, ಇದು ನನ್ನ ಕೈಯಲ್ಲ ಅಂದ್ರಿ. ಯಾರ ಕೈಯಾದ್ರೇನು, ರಿಪೇರಿ ಮಾಡಿ ಅಂದ್ರು ಅವರು. ಮೂರು ದಿನ ಊಟ ಬಿಟ್ಟು ಜಗಳ ಆಡಿದವರು ಯಾರು?"

ಅಣ್ಣ ಎದ್ದು, ನಾಲ್ಕು ಪ್ರತಿಗಳನ್ನೂ ನೀಟಾಗಿ ಹರಿದು, ಟೈಪಿಂಗ್ ಅಂಗಡಿಗೆ ಹೊರಟ. ಹೊಸ್ತಿಲಲ್ಲಿ ತಿರುಗಿ, "ಟ್ರೊಕೋಸಾದಲ್ಲಿ ಕೋ ದೀರ್ಘಾನಾ?" ಎಂದು ಕೇಳಿದ.

ಮಾರನೆಯ ಮಧ್ಯಾಹ್ನ ಇನ್ಸ್‌ಪೆಕ್ಟರ್ ಮತ್ತೆ ಹೊಸ್ತಿಲ ಆಚೆ ನಿಂತರು. ಕಾಗದ ಓದಿ ಖುಷಿಪಟ್ಟರು. ಆದರೆ ಕೊನೆಯ ಕಾಲಂ, "ಅಧಿಕಾರಿ ಖುದ್ದು ನೋಡಿದ್ದಾರೆಯೇ" ಎಂಬುದು ಖಾಲಿ ಇತ್ತು.

"ಬನ್ನಿ, ನೋಡಿ," ಎಂದಳು ತಂಗಿ.

ಇನ್ಸ್‌ಪೆಕ್ಟರ್ ಬೀದಿಯ ಎರಡೂ ಕಡೆ ನೋಡಿ ದನಿ ತಗ್ಗಿಸಿದರು. "ಮೇಡಂ, ನಿಮ್ಮ ಹತ್ರ ಮುಚ್ಚಿಡೋದೇನು. ಹತ್ತೊಂಬತ್ತು ವರ್ಷ ಸರ್ವೀಸು. ಜೇಡದ ದೂರು ಬಂದ್ರೆ ನಾನು ಒಳಗೆ ಹೋಗಿದ್ದೇ ಇಲ್ಲ. ಹೊಗೆ ಹಾಕಿ ಅಂತ ಬರೆದು ಬರ್ತೀನಿ."

"ಗಾಜಿನೊಳಗೆ ನೋಡಿದ್ರೆ ಅದು ಜೇಡ ಅನ್ನಿಸಲ್ಲ ಸಾರ್. ಮುಖ ಅನ್ನಿಸುತ್ತೆ."

ಅದು ಧೈರ್ಯ ತುಂಬುವ ಮಾತಾಗಿರಲಿಲ್ಲ. ಆದರೂ ಅವರು ಬಂದರು. ಒಂದು ಕೈಯಲ್ಲಿ ಮೇಜಿನ ಅಂಚು, ಇನ್ನೊಂದರಲ್ಲಿ ಅಣ್ಣನ ಮೊಣಕೈ ಹಿಡಿದು ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಜೇಡ ಮರಳಿ ಸೇರಿದ್ದ ಡಬ್ಬಿಯನ್ನು ತಂಗಿ ಅದರಡಿ ಬೆಳಕಿಗೆ ತಿರುಗಿಸಿದಳು.

"ನನ್ನನ್ನೇ ನೋಡ್ತಿದೆ," ಎಂದರು ಪಿಸುದನಿಯಲ್ಲಿ.

"ಕಣ್ಣು ಎಣಿಸಿ."

ಎಣಿಸಿದರು. ಎಂಟು ಬಂತು. ಇನ್ನೊಮ್ಮೆ ಎಣಿಸಿದರು. ಅಣ್ಣನ ಮೊಣಕೈ ಬಿಟ್ಟರು. ಇನ್ನೂ ಸ್ವಲ್ಪ ಹೊತ್ತು ನೋಡಿ, "ಮೇಡಂ, ಇದರ ಬೆನ್ನು ಅಲ್ಲಾಡ್ತಿದೆ," ಎಂದರು.

ಮೊಟ್ಟೆ ಚೀಲದ ಅಂಚು ಬಿಚ್ಚಿಕೊಂಡಿತ್ತು. ಎಳ್ಳಿಗಿಂತ ಚಿಕ್ಕ ಮರಿಗಳು ಒಂದರ ಮೇಲೊಂದು ಹತ್ತಿ, ತಾಯಿಯ ಕಾಲು ಹಿಡಿದು, ಬೆನ್ನೇರಿ ಕೂರುತ್ತಿದ್ದವು. ಬಂದವು ಬಂದಹಾಗೆ ಜಾಗ ಮಾಡಿಕೊಂಡು ಒತ್ತಿ ಕೂರುತ್ತಿದ್ದವು. ತಾಯಿ ಕದಲದೆ ನಿಂತಿತ್ತು.

"ಸಂಖ್ಯೆ ಒಂದು ಅಂತ ಬರೆದಿದೀನಲ್ಲ," ಎಂದು ಇನ್ಸ್‌ಪೆಕ್ಟರ್ ಗಾಬರಿಯಾದರು.

ಎಣಿಸಲು ಕೂತರು. ಅಣ್ಣನಿಗೆ ಅರವತ್ತೊಂದು ಬಂತು, ಇನ್ಸ್‌ಪೆಕ್ಟರಿಗೆ ಎಪ್ಪತ್ತನಾಲ್ಕು. ಅತ್ತಿಗೆ, "ಮಕ್ಕಳನ್ನು ಹೀಗೆ ಎಣಿಸಬೇಡ್ರೀ, ದೃಷ್ಟಿ ತಾಗುತ್ತೆ," ಎಂದು ಡಬ್ಬಿಯನ್ನು ಅತ್ತ ಎಳೆದುಕೊಂಡಳು. ಕಡೆಗೆ ಫಾರಮಿನಲ್ಲಿ "ತಾಯಿ ಒಂದು, ಮಕ್ಕಳು ಬಹಳ" ಎಂದು ಬಿತ್ತು. ಅಂಗಡಿ ಮುಚ್ಚಬೇಕಿಲ್ಲ. ಆದರೆ ನಿಯಮದ ಪ್ರಕಾರ ಜೀವಿಯನ್ನು ಸಂಬಂಧಪಟ್ಟವರೇ ಬಂದು ಸಾಗಿಸಬೇಕು. ಇನ್ಸ್‌ಪೆಕ್ಟರ್ ಅಲ್ಲಿಂದಲೇ ಕಚೇರಿಗೆ ಫೋನ್ ಮಾಡಿ ಒಂದೊಂದೇ ಕಾಲಂ ಓದಿ ಹೇಳಿದರು: "ತೋಳ ಜೇಡ. ಹೆಣ್ಣು. ಮರಿಗಳ ಸಮೇತ. ಟೇಲರ್ ಅಂಗಡಿ." ಮೊದಲ ಮಾತು ಹೇಳುತ್ತಿದ್ದಂತೆಯೇ ಬೀದಿಯಲ್ಲಿ ಒಂದು ಲಾರಿ ಹಾರ್ನ್ ಹೊಡೆದಿತ್ತು. ಎರಡನೆಯ ಮಾತು ಆ ಹಾರ್ನಿನಲ್ಲಿ ಮುಳುಗಿದ್ದು ಯಾರಿಗೂ ತಿಳಿಯಲಿಲ್ಲ.

ಮರುದಿನ ಹತ್ತು ಗಂಟೆಗೆ ಬ್ಯಾಂಡಿನವರು ಕೋಟು ತೊಟ್ಟು ನೋಡಲು ಬಂದಿದ್ದರು. ಆ ಬೆಳಿಗ್ಗೆಯೇ ಅಲ್ಲೆಲ್ಲೋ ವಾದನವಿದ್ದುದರಿಂದ ವಾದ್ಯಗಳೂ ಜೊತೆಗಿದ್ದವು. ಅಂಗಡಿಯೊಳಗೆ ಜಾಗ ಸಾಲದೆ ಅರ್ಧ ಜನ ಬೀದಿಯಲ್ಲಿ ಸಾಲಾಗಿ ನಿಂತಿದ್ದರು; ಕೆಲವರಿಗೆ ಎರಡು ತೋಳು, ಕೆಲವರಿಗೆ ಒಂದು. ಜೇಡವನ್ನು ಕರೆದೊಯ್ಯುವವರಿಗೆ ವಿವರಿಸಬೇಕೆಂದು ತಂಗಿ ರಜೆ ಹಾಕಿ ಬಂದು ಕೂತಿದ್ದಳು. ಆಗ ಕಬ್ಬಿಣದ ಪಂಜರ ಹೊತ್ತ ಅರಣ್ಯ ಇಲಾಖೆಯ ವ್ಯಾನೊಂದು ಬಂದು ನಿಂತಿತು. ಅದರಿಂದ ನಾಲ್ವರು ಇಳಿದರು. ಒಬ್ಬನ ಕೈಯಲ್ಲಿ ಬಲೆ, ಒಬ್ಬನ ಕೈಯಲ್ಲಿ ಅರಿವಳಿಕೆಯ ಬಂದೂಕು. ಬಿಳಿ ಮೀಸೆಯ ಮುಖ್ಯಸ್ಥ ಮೆಗಾಫೋನ್ ಎತ್ತಿದ.

"ಎಲ್ರೂ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ! ತೋಳ ಇದೆ! ಮರಿ ಹಾಕಿದೆ!"

ಬೀದಿಯ ಅಂಗಡಿಗಳ ಬಾಗಿಲುಗಳೆಲ್ಲ ಧಡಧಡನೆ ಕೆಳಗಿಳಿದವು. ಒಂಟಿ ತೋಳಿನ ಬ್ಯಾಂಡಿನವರು ಕಾಲಿಗೆ ಬುದ್ಧಿ ಹೇಳಿದರು. ಬೆಂಕಿಗೆ ಎದೆಯೊಡ್ಡುವ ಬ್ಯಾಂಡ್ ಮಾಸ್ಟರು ದೊಡ್ಡ ಡೋಲಿನ ಹಿಂದೆ ಕೂತರು. ಅವರ ಎಡ ಭುಜ ಮಾತ್ರ ಹೊರಗೆ ಕಾಣುತ್ತಿತ್ತು. ಮಹಡಿಯ ಮೇಲಿನ ಕ್ಲಿನಿಕ್ಕಿನ ಕಿಟಕಿ ತೆರೆದುಕೊಂಡಿತು. ಹಲ್ಲಿನ ಡಾಕ್ಟರು ಬಾಯಿ ಕಳೆದಿದ್ದ ರೋಗಿಯನ್ನು ಕುರ್ಚಿಯಲ್ಲೇ ಬಿಟ್ಟು, ಅರ್ಧ ದೇಹ ಹೊರಹಾಕಿ, ವಿಜಯೋತ್ಸಾಹದಿಂದ ಎರಡೂ ಕೈ ಅಗಲಿಸಿದರು.

"ನಾನು ಹೇಳ್ಲಿಲ್ವಾ? ಇಷ್ಟು ದೊಡ್ಡದು ಅಂತ ಹೇಳ್ಲಿಲ್ವಾ?"

ತಂಗಿ ಗುಂಡಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬೀದಿಗೆ ಇಳಿದಳು.

"ಹಿಂದೆ ಸರೀರಿ ಅಮ್ಮಾ! ತೋಳ ಎಲ್ಲಿ?"

"ಇಲ್ಲಿ."

ಮೀಸೆಯವನು ಡಬ್ಬಿ ನೋಡಿದ. ಕೈಯಲ್ಲಿದ್ದ ಆದೇಶ ನೋಡಿದ. "ಇದು ಜೇಡ."

"ತೋಳ ಜೇಡ. ಟ್ರೊಕೋಸಾ ಕುಲ. ಇಲ್ಲಿ ಎರಡು ಗೆರೆ ಇತ್ತು. ಈಗ ಮಕ್ಕಳು ಕೂತು ಮುಚ್ಚಿಹೋಗಿದೆ."

"ಇದರಲ್ಲಿ ಜೇಡ ಅಂತ ಎಲ್ಲೂ ಇಲ್ವಲ್ಲ ಅಮ್ಮಾ. ತೋಳ ಅಂತ ಇದೆ. ನಾನು ಖಾಲಿ ಪಂಜರ ತಗೊಂಡು ವಾಪಸ್ ಹೋದ್ರೆ ತೋಳ ತಪ್ಪಿಸಿಕೊಂಡಿದೆ ಅಂತಾಗುತ್ತೆ. ಆಮೇಲೆ ಊರೆಲ್ಲ ಹುಡುಕಬೇಕು."

ಬೇರೆ ದಾರಿ ಇರಲಿಲ್ಲ. ಎರಡು ಹುಲಿ ಹಿಡಿಸುವ ಪಂಜರದ ನಟ್ಟನಡುವೆ ಗುಂಡಿ ಡಬ್ಬಿ ಇಟ್ಟರು. ಅದು ಜಾರದಿರಲಿ ಎಂದು ಅತ್ತಿಗೆ ಉಳಿದಿದ್ದ ಇನ್ನೊಂದು ಭುಜದ ಪ್ಯಾಡನ್ನು ಅಡಿಗೆ ಹಾಕಿದಳು. ಬಾಗಿಲಿಗೆ ಎರಡು ಅಗುಳಿ ಹಾಕಿದರು. ಮುಂದಿನ ಸೀಟಿನಲ್ಲಿ ತಂಗಿ ಮತ್ತು ಅತ್ತಿಗೆ ಕೂತರು. ವ್ಯಾನು ಹೊರಡುವಾಗ ಬ್ಯಾಂಡ್ ಮಾಸ್ಟರು ಡೋಲಿನ ಹಿಂದಿನಿಂದ ಎದ್ದು, "ಆ ಅಮ್ಮ ಯಾರು? ಅಷ್ಟು ಧೈರ್ಯವಾಗಿ ಹೋಗಿ ನಿಂತ್ರಲ್ಲ!" ಎಂದು ಕೇಳಿದರು.

"ನನ್ನ ತಂಗಿ," ಎಂದ ಅಣ್ಣ. "ಕುಲ ಗುರುತಿಸ್ತಾಳೆ. ಕಣ್ಣು, ಬೆನ್ನು, ಕಾಲು ನೋಡಿ ಹೇಳಿಬಿಡ್ತಾಳೆ. ಸುಮ್ಮನೆ ಆಗೋ ಕೆಲಸ ಅಲ್ಲ," ಎಂದು ಸೇರಿಸಿದ.

ಊರಾಚೆ ಹೊಳೆಯ ದಂಡೆಯಲ್ಲಿ ಡಬ್ಬಿಯ ಬಾಯಿ ತೆರೆದರು. ತಾಯಿ ಮಕ್ಕಳನ್ನೆಲ್ಲ ಹೊತ್ತು ನಿಧಾನವಾಗಿ ಇಳಿಯಿತು. ಒಂದು ಮರಿ ಜಾರಿ ಬಿತ್ತು. ತಾಯಿ ಕಾಯದಿದ್ದರೂ ಅದು ಹಿಂದಿನ ಕಾಲು ಹಿಡಿದು ಹತ್ತಿಕೊಂಡಿತು. ಕಲ್ಲೊಂದರ ಅಡಿ ಎಲ್ಲವೂ ಮರೆಯಾದ ಮೇಲೆ ಮೀಸೆಯವನು ಬರೆದುಕೊಂಡ: "ಹೆಣ್ಣು ತೋಳವನ್ನು ಸುಮಾರು ಎಪ್ಪತ್ತು ಮರಿಗಳೊಂದಿಗೆ ಹೊಳೆಯ ದಂಡೆಯಲ್ಲಿ ಸುರಕ್ಷಿತವಾಗಿ ಬಿಡಲಾಯಿತು." ತಂಗಿ ಜೇಡ ಎಂದು ಸೇರಿಸಲು ಎಷ್ಟು ಬೇಡಿಕೊಂಡರೂ, ಆದೇಶದಲ್ಲಿ ಇಲ್ಲದ್ದನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲ ಎಂದ.

ಆ ವರದಿ ಸೇರಬೇಕಾದಲ್ಲಿ ಸೇರಿತು. ಹದಿನೈದು ದಿನಕ್ಕೆ ಹೊಳೆಯ ದಂಡೆಯಲ್ಲಿ "ತೋಳಗಳಿವೆ, ಎಚ್ಚರಿಕೆ" ಎಂಬ ಫಲಕ ಎದ್ದಿತು. ಬೆಳಗಿನ ವಾಯುವಿಹಾರಕ್ಕೆ ಹೋಗುತ್ತಿದ್ದವರು ಓಡಲು ಶುರುಮಾಡಿ ಕೆಲವರು ತೆಳ್ಳಗಾದರು. ಕೋಟುಗಳು ಶನಿವಾರ ಸರಿಯಾಗಿ ಹೋದವು. ಡಾಕ್ಟರು ಪ್ಯಾಂಟು ಒಯ್ಯಲು ಬಂದರೂ ಟ್ರಯಲ್ ರೂಮಿಗೆ ಹೋಗಲು ಒಪ್ಪಲಿಲ್ಲ. ಹಾಗಾಗಿ ಒಂದು ಕಾಲು ಇನ್ನೊಂದಕ್ಕಿಂತ ಅರ್ಧ ಬೆರಳು ಗಿಡ್ಡವಾಗಿಯೇ ಉಳಿಯಿತು.

ಬದಲಾದದ್ದು ಇನ್ನೊಂದಿತ್ತು. ಗುರುವಾರ ಅಂಗಡಿಗೆ ರಜೆ. ಅತ್ತಿಗೆ ಪ್ರತಿ ಗುರುವಾರ ಬುತ್ತಿ ಕಟ್ಟಿಕೊಂಡು ವಸ್ತುಸಂಗ್ರಹಾಲಯದ ಹಿಂದಿನ ಕೋಣೆಗೆ ಹೋಗಿ ತಂಗಿಯ ಎದುರು ಕೂರತೊಡಗಿದಳು. ಹೆಸರುಗಳು ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ, ಗುರುತುಗಳು ಕಣ್ಣಲ್ಲಿ ನಿಲ್ಲುತ್ತಿದ್ದವು. ತೆಳುಗಾಲಿನವು ಇತ್ತ, ನೂಲು ಬಿಡುವ ತುದಿ ಉದ್ದ ಇರುವವು ಅತ್ತ, ಬೆನ್ನ ಮೇಲೆ ಕವಲು ಗುರುತಿನವು ಬೇರೆ ತಟ್ಟೆಗೆ, ಇನ್ನೂ ಬೆಳೆಯದ ಮರಿಗಳನ್ನು "ಇವಕ್ಕೆ ಈಗಲೇ ಹೆಸರು ಬೇಡ" ಎಂದು ಮೂಲೆಗೆ. ಕಪಾಟಿನಲ್ಲಿ ವರ್ಷಗಳಿಂದ ಕಾಯುತ್ತಿದ್ದ ಶೀಶೆಗಳು ಕರಗುತ್ತ ಬಂದವು. ತಂಗಿಗೆ ಮಧ್ಯಾಹ್ನ ಊಟಕ್ಕೆ ಜೊತೆಯಾಯಿತು. ಸಂಜೆ ಫೋನ್ ಮಾಡುವ ಅಣ್ಣನೂ, "ಇವತ್ತು ಯಾವುದು ಬಂತು?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡ.

ನಾಲ್ಕನೆಯ ಗುರುವಾರ ಅತ್ತಿಗೆ ಒಂದು ಹಳೆಯ ಶೀಶೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದಳು.

"ಪುಟ್ಟಿ, ಇದಕ್ಕೆ ಈ ಚೀಟಿ ಬರೆದ ಪುಣ್ಯಾತ್ಮ ಯಾರು? ಮುಖ ನೋಡು, ಕಾಲು ನೋಡು. ಇದು ಆ ದಾರದ ಕಾಲಿನ ಕುಲ ಅಲ್ವಾ?"

ತಂಗಿ ನೋಡಿದಳು. ಅತ್ತಿಗೆ ಹೇಳಿದ್ದು ಸರಿಯಾಗಿತ್ತು. ಚೀಟಿಯ ಮೇಲಿನ ಅಕ್ಷರ ಹದಿನೇಳು ವರ್ಷ ಹಳೆಯದು, ಉರುಟು ಉರುಟಾಗಿತ್ತು, ತಂಗಿಯದೇ ಆಗಿತ್ತು. ಅವಳ ಕಿವಿ ಕೆಂಪಾಯಿತು. ಲೇಖನಿ ತೆಗೆದು ಹೊಸ ಚೀಟಿ ಬರೆದು ಶೀಶೆಗೆ ಇಳಿಬಿಟ್ಟಳು.

"ಅತ್ತಿಗೆ," ಎಂದಳು ಆಮೇಲೆ, "ಇದನ್ನ ಅಣ್ಣನಿಗೆ ಮಾತ್ರ ಹೇಳಬೇಡಿ."

ಅತ್ತಿಗೆ ಮುಂದಿನ ಶೀಶೆ ಎತ್ತಿಕೊಂಡಳು. "ನೀನು ಬರೀತಾ ಇದ್ದಾಗಲೇ ಮೆಸೇಜ್ ಹಾಕ್ಬಿಟ್ಟೆ ಕಣೇ."